ಕೆರೆಯ ಹಸಿರು ಮುದ್ದೆ ಮತ್ತು ನನ್ನ ನಾದಿನಿ

ನನ್ನ ನಾದಿನಿಗೆ ಈ ಭೂಮಿಯ ಮೇಲೆ ಮರ್ಯಾದೆ ಕೊಡಲು ಯೋಗ್ಯ ಅನಿಸಿದ ಜೀವ ಒಂದೇ ಒಂದು. ಅದಕ್ಕೆ ತಲೆಯಿಲ್ಲ, ಬಾಯಿಲ್ಲ, ಹೃದಯವಿಲ್ಲ, ಹೊಟ್ಟೆಯಿಲ್ಲ. ಒಂದು ಕಡೆ ಅಂಟಿಕೊಂಡು ಕೂತಿತೆಂದರೆ ಸಾಯುವ ತನಕ ಅಲ್ಲಿಂದ ಕದಲುವುದಿಲ್ಲ. ಇದು ನಮ್ಮ ಯಜಮಾನರ ವರ್ಣನೆ ಎಂದು ನೀವು ಅಂದುಕೊಂಡರೆ ತಪ್ಪು ನಿಮ್ಮದಲ್ಲ. ಆದರೆ ಅವರಿಗೆ ಹೊಟ್ಟೆಯಿದೆ, ಬೇಕಾದಷ್ಟಿದೆ! ನಾನು ಹೇಳುತ್ತಿರುವುದು ಸ್ಪಂಜಿನ ವಿಷಯ. ಅಂಗಡಿಯಲ್ಲಿ ಸಿಗುವ, ಪಾತ್ರೆ ಉಜ್ಜುವ ಸ್ಪಂಜಲ್ಲ. ಉಸಿರಾಡುವ, ಊಟ ಮಾಡುವ, ಮರಿ ಹಾಕುವ ಸ್ಪಂಜು.

ನಾನು ಆಲೂರಿನಿಂದ ಹಾನುಬಾಳಿನ ಹತ್ತಿರದ ಈ ಮನೆಗೆ ಸೊಸೆಯಾಗಿ ಬಂದದ್ದು ತೊಂಬತ್ತರ ದಶಕ ಶುರುವಾದ ಹೊಸದರಲ್ಲಿ. ಒಂದಿಷ್ಟು ಕಾಫಿ, ಒಂದಿಷ್ಟು ಗದ್ದೆ, ಎರಡರ ನಡುವೆ ಮನೆಯವರದೇ ಒಂದು ಸಣ್ಣ ಕೆರೆ. ಮನೆಯಲ್ಲಿ ಅತ್ತೆ, ಯಜಮಾನರು, ಅವರ ತಂಗಿಯಾದ ಈ ನಾದಿನಿ. ಆಕೆ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಊರಿಗೆಲ್ಲ ‘ಮಿಸ್ಸು’. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳೇ ಇರಬೇಕು, ಆದರೂ ಅಣ್ಣನ ಹೆಂಡತಿ ಎಂದು ನನ್ನನ್ನು ಬಹುವಚನದಲ್ಲೇ ಕರೆಯುತ್ತಿದ್ದಳು. ಬಹುವಚನದಲ್ಲೇ ಬೈಯುತ್ತಿದ್ದಳು ಕೂಡ!

ಮದುವೆಯಾಗಿ ಇನ್ನೂ ಹದಿನೈದು ದಿನವಾಗಿರಲಿಲ್ಲ. ಬಟ್ಟೆ ಒಗೆಯಲು ಕೆರೆಗೆ ಹೋದೆ. ನೀರಲ್ಲಿ ಅರ್ಧ ಮುಳುಗಿದ್ದ ಗೂಟಕ್ಕೆ ಹಸಿರು ಬಣ್ಣದ ಮುದ್ದೆಯೊಂದು ಮೆತ್ತಿಕೊಂಡಿತ್ತು. ನನ್ನದು ಸ್ವಲ್ಪ ಚೊಕ್ಕಟದ ಸ್ವಭಾವ. ಹೊಸ ಸೊಸೆಯ ಹುರುಪು ಬೇರೆ. ತೆಂಗಿನ ನಾರು ತಗೊಂಡು ಗಸಗಸ ತಿಕ್ಕಲು ಶುರು ಮಾಡಿದೆ. ಏರಿಯ ಮೇಲಿಂದ ಒಂದು ಚೀರಾಟ ಕೇಳಿಸಿತು.

“ಅತ್ತಿಗೇ! ಬಿಡ್ರೀ! ಅದು ಪ್ರಾಣಿ!”

ನಾನು ಸೀರೆ ಎತ್ತಿ ಹಿಡಿದು ಒಂದೇ ನೆಗೆತಕ್ಕೆ ಏರಿ ಹತ್ತಿಬಿಟ್ಟೆ. “ಎಲ್ಲಿ? ಎಲ್ಲೈತೆ? ಹಾವಾ?”

“ನಿಮ್ಮ ಕೈಯಲ್ಲೇ ಐತಲ್ರೀ! ಅರ್ಧ ಸಾಯಿಸ್ಬುಟ್ರಿ!”

ಕೈ ನೋಡಿಕೊಂಡೆ. ತೆಂಗಿನ ನಾರು, ಹಸಿರು ಲೋಳೆ, ಹಸಿ ಬೆಳ್ಳುಳ್ಳಿ ಕೊಳೆತಂಥ ಒಂದು ವಾಸನೆ. ಹೊಸ ಸೊಸೆಯ ಮೇಲೆ ಉಪ್ಪು ಜಾಸ್ತಿ ಹಾಕಿದಳು, ಹಾಲು ಉಕ್ಕಿಸಿದಳು ಎಂಬ ಆಪಾದನೆ ಬರುವುದು ಸಹಜ. ಕೊಲೆ ಆಪಾದನೆ ಹೊತ್ತ ಸೊಸೆ ಹಾಸನ ಜಿಲ್ಲೆಯಲ್ಲೇ ನಾನೊಬ್ಬಳು ಇರಬೇಕು. ಸಂಜೆಯ ಹೊತ್ತಿಗೆ ಎರಡೂ ಕೈ ಕೆಂಪಾಗಿ ಕೆರೆತ ಹತ್ತಿತು. ನಾದಿನಿ ಕೊಬ್ಬರಿ ಎಣ್ಣೆ ತಂದು ಹಚ್ಚಿದಳು. ಪಶ್ಚಾತ್ತಾಪದಿಂದಲ್ಲ! “ಅದಕ್ಕೆ ಮೂಳೆ ಇರಲ್ಲ ಅತ್ತಿಗೆ. ಮೂಳೆ ಬದಲು ಮೈತುಂಬ ಗಾಜಿನಂಥ ಸೂಜಿಗಳು. ಕಣ್ಣಿಗೆ ಕಾಣದಷ್ಟು ಸಣ್ಣವು. ಚೆನ್ನಾಗಿ ಚುಚ್ಚಿದಾವಾ?” ಎಂದು ಸಂತೋಷದಿಂದ ಕೇಳಿದಳು.

ಆವತ್ತಿನಿಂದ ನನ್ನ ಶಿಕ್ಷಣ ಶುರುವಾಯಿತು. ಅಡಿಗೆಮನೆಯಲ್ಲಿ ಹಿಟ್ಟಿನ ಜರಡಿ ಎತ್ತಿ ಹಿಡಿದು ಪಾಠ. ಸ್ಪಂಜಿನ ಮೈಯೆಲ್ಲ ತೂತು. ಸಣ್ಣ ತೂತುಗಳಿಂದ ನೀರು ಒಳಗೆ ಬರುತ್ತದೆ. ಒಳಗೆ ಸಣ್ಣ ಸಣ್ಣ ಕೋಣೆಗಳು. ಒಂದೊಂದು ಕೋಣೆಯಲ್ಲೂ ಚಾವಟಿ ಹಿಡಿದ ಜೀವಕೋಶಗಳು ಸಾಲಾಗಿ ಕೂತಿರುತ್ತವೆ. ಅವು ಹಗಲೂ ರಾತ್ರಿ ಚಾವಟಿ ಬೀಸುವುದರಿಂದಲೇ ನೀರು ಹರಿಯುವುದು. ನೀರಿನಲ್ಲಿ ಬಂದ ತುಣುಕು ಮಿಣುಕುಗಳನ್ನು ಹಿಡಿದು ತಿಂದು, ಉಳಿದ ನೀರನ್ನು ದೊಡ್ಡ ತೂತಿನಿಂದ ಹೊರಗೆ ಬಿಡುತ್ತವೆ. ಅಷ್ಟೇ ಸಂಸಾರ! ಈಗ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ನಾನು ಒಪ್ಪಿಸಬಲ್ಲೆ.

“ಅದಕ್ಕೆ ಮಿದುಳಿಲ್ಲ, ಯಜಮಾನಿಕೆ ಮಾಡೋರು ಯಾರೂ ಇಲ್ಲ. ಎಲ್ಲಾರೂ ಅವರವರ ಕೆಲಸ ಮಾಡ್ತಾರೆ” ಎಂದಳು ನಾದಿನಿ.

ರಾಗಿ ಕೇರುತ್ತಿದ್ದ ಅತ್ತೆ ತಲೆಯೆತ್ತಿದರು. “ಹಂಗಾರೆ ಅಡಿಗೆ ಯಾರು ಮಾಡ್ತಾರವ್ವ?”

“ಅಡಿಗೆ ಇಲ್ಲ ಕಣವ್ವ. ಸಿಕ್ಕಿದ್ದನ್ನ ಸಿಕ್ಕಿದೋರು ತಿಂದು, ಪಕ್ಕದೋರಿಗೂ ಕೊಡ್ತಾರೆ.”

“ಅಯ್ಯೋ ಶಿವನೇ, ಒಂದು ಪಂಕ್ತಿ ಊಟಾನೂ ಇಲ್ವಾ ಪಾಪ!” ಎಂದು ಅತ್ತೆ ನಿಜವಾಗಿಯೂ ಮರುಗಿದರು.

ನೋಡಿ ನಂಬಲಿ ಎಂದು ಆಕೆ ಒಂದು ತುಂಡು ಸ್ಪಂಜನ್ನು ಗಾಜಿನ ಬಾಟ್ಲಿಯಲ್ಲಿ ಕೆರೆಯ ನೀರು ತುಂಬಿ ಕಿಟಕಿಯಲ್ಲಿಟ್ಟಳು. ಅಣ್ಣನ ಪೆನ್ನಿನಿಂದ ಒಂದು ತೊಟ್ಟು ಶಾಯಿಯನ್ನು ಅದರ ಪಕ್ಕಕ್ಕೆ ಬಿಟ್ಟಳು. ನಾವು ಮೂವರೂ ಉಸಿರು ಬಿಗಿಹಿಡಿದು ನೋಡಿದೆವು. ಸ್ವಲ್ಪ ಹೊತ್ತಿಗೆ ಆ ಮುದ್ದೆಯ ನೆತ್ತಿಯ ತೂತಿನಿಂದ ನೀಲಿ ಹೊಗೆಯೊಂದು ಸಣ್ಣಗೆ ಮೇಲೆದ್ದಿತು. ಸುಳ್ಳು ಹೇಳುವುದಿಲ್ಲ, ನನ್ನ ಮೈ ಜುಮ್ಮೆಂದಿತು. ಯಜಮಾನರು ಮಾತ್ರ, “ಬೀಡಿ ಸೇದ್ತಾ ಐತೆ” ಎಂದು ಎದ್ದು ಹೋದರು.

ಯಜಮಾನರಿಗೆ ಅದನ್ನು ಕಂಡರೆ ಆಗದಿರಲು ಕಾರಣವಿತ್ತು. ಒಂದು ವರ್ಷ ಹೂಮಳೆ ಕೈಕೊಟ್ಟಿತು. ಕಾಫಿ ಮೊಗ್ಗು ಒಣಗುವ ಮುಂಚೆ ಕೆರೆಯಿಂದ ನೀರೆತ್ತಿ ಸ್ಪ್ರಿಂಕ್ಲರ್ ಹೊಡೆಯಬೇಕು. ಮೋಟರು ಗುಂಯ್ ಎನ್ನುತ್ತದೆ, ನೀರು ಮಾತ್ರ ಬಾರದು! ಪೈಪು ಎತ್ತಿ ನೋಡಿದರೆ ಅದರ ತುದಿಯ ಫುಟ್‌ವಾಲ್ವಿನ ಜಾಲರಿಗೆ ನಮ್ಮ ಪ್ರಾಣಿ ಬಿಗಿಯಾಗಿ ಕೂತಿದೆ. ಯಜಮಾನರು ಕತ್ತಿ ಎತ್ತಿದರು. ನಾದಿನಿ ಸ್ಕೂಲಿಗೆ ಹೊರಟವಳು ಸೀರೆಸಮೇತ ಸೊಂಟದ ಮಟ್ಟ ನೀರಿಗಿಳಿದು ಪೈಪು ಅಪ್ಪಿಕೊಂಡಳು.

“ತಲೆಯಿಲ್ಲದ ಪ್ರಾಣಿಗೋಸ್ಕರ ಈ ವರ್ಷದ ಬೆಳೆ ಕಳೀಲೇನೆ?” ಎಂದು ಅಣ್ಣ ಕೂಗಿದರು.

“ಹತ್ತು ನಿಮಿಷ ಕೊಡು ಮಾರಾಯ, ಬಿಡಿಸ್ಕೊತೀನಿ!”

ಹತ್ತು ನಿಮಿಷವೇ? ಮಧ್ಯಾಹ್ನದ ತನಕ ಉಗುರಿನಲ್ಲೇ ಬಿಡಿಸಿ, ಚೂರು ಚೂರನ್ನೂ ಕೆರೆಯ ಆಚೆ ದಡದ ಗೂಟಗಳಿಗೆ ಬಾಳೆನಾರಿನಲ್ಲಿ ಕಟ್ಟಿ ಬಂದಳು. ಚೂರಾದರೂ ಸಾಯುವುದಿಲ್ಲವಂತೆ. ಪ್ರತಿ ಚೂರೂ ಮತ್ತೆ ಬೆಳೆಯುತ್ತದಂತೆ. ಹೆಡ್‌ಮಾಸ್ಟರಿಗೆ ರಜಾ ಅರ್ಜಿಯಲ್ಲಿ ಏನೆಂದು ಬರೆದಳೋ ನಾನು ಕೇಳಲಿಲ್ಲ.

ಇಂಥವಳಿಗೆ ಗಂಡು ಹುಡುಕುವುದು ಎಷ್ಟು ಕಷ್ಟ ಎಂದು ನೀವೇ ಊಹಿಸಿ. ಹೆತ್ತೂರು ಕಡೆಯ ಒಂದು ಸಂಬಂಧ ಬಂತು. ಹುಡುಗ ಲಕ್ಷಣವಾಗಿದ್ದ, ಮಾತು ಮೃದು. ಉಪ್ಪಿಟ್ಟು ಆಯಿತು, ಕಾಫಿ ಆಯಿತು. ಕಿಟಕಿಯಲ್ಲಿದ್ದ ಬಾಟ್ಲಿ ನೋಡಿ ಪಾಪ ಅವನೇ ಕೇಳಿದ, “ಅದೇನ್ರೀ?” ಮುಗಿಯಿತು! ನಾದಿನಿ ಇಪ್ಪತ್ತು ನಿಮಿಷ ವಿವರಿಸಿದಳು. ತೂತು, ಚಾವಟಿ, ಸೂಜಿ, ಯಾವುದನ್ನೂ ಬಿಡಲಿಲ್ಲ. ಹುಡುಗ ಅಷ್ಟನ್ನೂ ಕೇಳಿಸಿಕೊಂಡ. ಒಂದು ಸಲವೂ ಆಕಳಿಸಲಿಲ್ಲ. ಅತ್ತೆ ಒಳಗೆ ದೇವರಿಗೆ ಕೈಮುಗಿದರು. ಹೊರಡುವಾಗ ಅವನು ನಗುತ್ತಾ ಒಂದು ಮಾತು ಹೇಳಿದ: “ನಿಮ್ ಪಾಚಿ ಚೆನ್ನಾಗೈತೆ ಕಣ್ರೀ.”

ನಾದಿನಿ ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಬೇಡವೇ ಬೇಡ ಎಂದುಬಿಟ್ಟಳು. ನನಗೆ ಸಿಟ್ಟು ನೆತ್ತಿಗೇರಿತು. ಹಿತ್ತಿಲಲ್ಲಿ ಹಿಡಿದು ತರಾಟೆಗೆ ತಗೊಂಡೆ. “ಅಲ್ಲ ಮಾರಾಯ್ತಿ, ಪಾಚಿ ಅಂದಿದ್ದಕ್ಕೆ ಒಂದು ಗಂಡನ್ನ ಬುಡ್ತಾರೇನೆ? ನಾನೂ ಅಂದಿದ್ದೆ, ಊರೆಲ್ಲ ಅಂತೈತೆ!”

“ಅವನ ತಪ್ಪಿಲ್ಲ ಅತ್ತಿಗೆ” ಎಂದಳು. ದನಿ ಯಾಕೋ ಕುಗ್ಗಿತ್ತು. “ಆ ಮಾತು ಕೇಳಿದ್ರೆ ನಂಗೆ ಆಗಲ್ಲ. ಮೊದಲು ಅಂದೋಳು ನಾನೇ.”

ಆವತ್ತೇ ನನಗೆ ಆ ಕಥೆ ತಿಳಿದದ್ದು. ಹಾಸನದಲ್ಲಿ ಡಿಗ್ರಿ ಓದುವಾಗ ಇವಳಿಗೊಬ್ಬ ಗೆಳತಿಯಿದ್ದಳು. ಒಂದೇ ಬೆಂಚು, ಒಂದೇ ಬುತ್ತಿ, ಮಳೆ ಬಂದರೆ ಒಂದೇ ಕೊಡೆ. ಕೊನೆಯ ವರ್ಷ ಗೆಳತಿ ರಜೆಗೆಂದು ಇಲ್ಲಿಗೆ ಬಂದಿದ್ದಾಗ ಗೂಟದ ಮೇಲಿನ ಮುದ್ದೆ ನೋಡಿ, “ಇದು ಸ್ಪಂಜು ಕಣೇ” ಅಂದಳಂತೆ. ಇವಳು ನಕ್ಕಳಂತೆ. ಗೆಳತಿ ಬಿಡದೆ ಅದನ್ನು ಬಾಟ್ಲಿಯಲ್ಲಿ ತಗೊಂಡು ಹೋಗಿ ಲ್ಯಾಬಿನಲ್ಲಿ ಮೇಷ್ಟ್ರ ಮುಂದಿಟ್ಟಳು. ಆಗ ನಮ್ಮ ಜಾಣೆ ಎಲ್ಲರೆದುರು ಎದ್ದುನಿಂತು ಹೇಳಿದಳು: “ಸ್ಪಂಜು ಸಮುದ್ರ ಬಿಟ್ಟು ಬರಲ್ಲ ಸಾರ್. ಕೆರೆಯ ಹಸಿರು ಮುದ್ದೆ ಪಾಚಿ. ಮೋಸಹೋಗಬಾರದು.” ಇಡೀ ಕ್ಲಾಸು ನಕ್ಕಿತು, ಮೇಷ್ಟ್ರೂ ನಕ್ಕರು. ಬಾಟ್ಲಿ ಸಿಂಕಿಗೆ ಹೋಯಿತು. ಪರೀಕ್ಷೆ ಮುಗಿಯುವ ತನಕ ಆ ಹುಡುಗಿಯನ್ನು ಎಲ್ಲರೂ ‘ಪಾಚಿ’ ಎಂದೇ ಕರೆದರು. ಅವಳು ಇವಳ ಜತೆ ಮಾತು ಬಿಟ್ಟಳು.

“ಆ ಬೇಸಿಗೇಲಿ ಇಲ್ಲಿಗೆ ಬಂದು ಒಣಗಿದ ಗೂಟ ಮುಟ್ಟಿದೆ ಅತ್ತಿಗೆ. ಕೈ ಕೆರೀತು. ತಗೊಂಡೋಗಿ ಮೈಕ್ರೋಸ್ಕೋಪಲ್ಲಿ ಇಟ್ಟು ನೋಡಿದ್ರೆ ಬರೀ ಸೂಜಿ! ಅವಳು ಹೇಳಿದ್ದೇ ಸರಿ. ಹೇಳಾಣ ಅಂತ ಅವರ ಮನೆಗೆ ಓಡಿದೆ. ಅವರಪ್ಪಂಗೆ ಟ್ರಾನ್ಸ್‌ಫರ್ ಆಗಿತ್ತು. ಮನೆಗೆ ಬೀಗ.”

ಅಷ್ಟೇ ಕಥೆ. ನಗು ಬರುವಂಥದ್ದೇ, ಅಲ್ಲವೇ? ಆದರೆ ಅದನ್ನು ಹೇಳುವಾಗ ಆಕೆಯ ಮುಖ ನೋಡಿದವರಿಗೆ ನಗು ಬರುತ್ತಿರಲಿಲ್ಲ. ಒಂದೇ ಒಂದು ಸಲ ಎದುರು ನಿಂತು ‘ನಾನು ಸೋತೆ, ನೀನೇ ಸರಿ’ ಅನ್ನಬೇಕು. ಇದೊಂದು ಆಸೆ ಬಿಟ್ಟರೆ ಆಕೆಗೆ ಬೇರೆ ಏನೂ ಬೇಕಿರಲಿಲ್ಲ.

ಪ್ರತಿ ಬೇಸಿಗೆಯಲ್ಲೂ ಆಕೆ ಆ ಬೀಗ ಹಾಕಿದ್ದ ಮನೆಯ ವಿಳಾಸಕ್ಕೇ ಕಾಗದ ಬರೆಯುತ್ತಿದ್ದಳು. ಪ್ರತಿ ಮಳೆಗಾಲದಲ್ಲೂ ಅದು ‘ಊರು ಬಿಟ್ಟಿದ್ದಾರೆ’ ಎಂಬ ಷರಾ ಹೊತ್ತು ವಾಪಸು ಬರುತ್ತಿತ್ತು. ಮತ್ಯಾಕೆ ಬರೀತೀಯ ಎಂದರೆ, “ಪೋಸ್ಟ್‌ಮ್ಯಾನ್ ಬದಲಾಯ್ತಿರ್ತಾರಲ್ಲ ಅತ್ತಿಗೆ. ಅವಳನ್ನ ಬಲ್ಲೋರು ಯಾರಾರ ಬಂದ್ರೆ?” ಎನ್ನುತ್ತಿದ್ದಳು. ಕಾಗದದ ಜತೆ ಸಣ್ಣ ಪೊಟ್ಟಣದಲ್ಲಿ ಸ್ಪಂಜಿನ ಬೀಜ. ಕೆರೆ ಬತ್ತಿದಾಗ ಸ್ಪಂಜು ಸಾಯುತ್ತದೆ. ಸಾಯುವ ಮುಂಚೆ ಒಣ ಗೂಟದ ಮೇಲೆ ಸಾಸಿವೆಗಿಂತ ಸಣ್ಣ ಕಂದು ಕಾಳುಗಳನ್ನು ಬಿಟ್ಟುಹೋಗುತ್ತದೆ. ಬಿಸಿಲಿಗೆ ಬೇಯುವುದಿಲ್ಲ, ಗಾಳಿಗೆ ಹಾರಿದರೂ ಕೆಡುವುದಿಲ್ಲ. ಮತ್ತೆ ನೀರು ಸೋಕಿದರೆ ಅದರೊಳಗಿಂದ ಹೊಸ ಸ್ಪಂಜು ಹೊರಟುಬರುತ್ತದೆ. ಅಂಥ ಕಾಳುಗಳನ್ನು ಕೆರೆದು ಶೇಖರಿಸಿ ಒಂದು ಸೀಸೆಯಲ್ಲಿ ಇಡುತ್ತಿದ್ದಳು.

ಆ ಸೀಸೆಯನ್ನು ಅಡಿಗೆಮನೆಯಲ್ಲಿ ಇಡು ಎಂದು ಯಾರು ಹೇಳಿದ್ದರು? ನೆಂಟರು ಊಟಕ್ಕೆ ಬಂದಿದ್ದ ದಿನ ಅವಸರದಲ್ಲಿ ನಾನು ಗಸಗಸೆ ಎಂದು ಅದನ್ನೇ ಹುರಿದು, ಕಾಯಿ ಜತೆ ರುಬ್ಬಿ, ಬೆಲ್ಲ ಹಾಕಿ ಪಾಯಸ ಮಾಡಿಬಿಟ್ಟೆ! ಮೊದಲ ಲೋಟ ಮುಗಿಯುವುದರೊಳಗೆ ಪಂಕ್ತಿಯಲ್ಲಿ ಕೂತವರೆಲ್ಲ ಗಂಟಲು ಕೆರೆದುಕೊಂಡು ಕೆಮ್ಮಲು ಶುರು. ನಾದಿನಿ ಸೀಸೆ ನೋಡಿದಳು, ನನ್ನನ್ನು ನೋಡಿದಳು. ವಿಷಯ ಹೊರಬಿತ್ತು. ಅತ್ತೆಯ ಮುಖ ಬಿಳಿಚಿಕೊಂಡಿತು.

“ನೀರು ಬಿದ್ರೆ ಚಿಗುರ್ತೈತೆ ಅಂದಿದ್ಯಲ್ಲವ್ವ! ಈಗ ನಾನು ನೀರು ಕುಡೀಲೋ ಬ್ಯಾಡ್ವೋ?”

ಹುರಿದು ರುಬ್ಬಿದ ಮೇಲೆ ಚಿಗುರುವುದಿಲ್ಲ ಎಂದು ಎಷ್ಟು ಹೇಳಿದರೂ ಆ ಮಹಾತಾಯಿ ಸಂಜೆಯವರೆಗೂ ಒಂದು ಹನಿ ನೀರು ಕುಡಿಯಲಿಲ್ಲ.

ನೆಂಟರು ಹೋದ ಮೇಲೆ ನಾದಿನಿ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. “ಈ ವರ್ಷ ಕಳಿಸಾಕೆ ಏನೂ ಉಳೀಲಿಲ್ಲ” ಎಂದಳು, ಅಷ್ಟೇ. ಮಾರನೆಯ ಬೆಳಿಗ್ಗೆ ನಾನೇ ಬತ್ತಿದ ಕೆರೆಗಿಳಿದು, ಒಂದೊಂದು ಗೂಟವನ್ನೂ ತಡಕಿ, ಚಿಟಿಕೆಯಷ್ಟು ಕಾಳು ಕೆರೆದು ತಂದುಕೊಟ್ಟೆ. ಕೊಬ್ಬರಿ ಎಣ್ಣೆ ಒಂದು ವಾರ ಬೇಕಾಯಿತು. ಆ ಕಾಗದವೂ ವಾಪಸು ಬಂತು ಅನ್ನಿ.

ಇನ್ನು ಎಸ್ಸೆಸ್ಸೆಲ್ಸಿ ಮೌಲ್ಯಮಾಪನ. ಸುಡುಬಿಸಿಲಿನಲ್ಲಿ ದಿನವಿಡೀ ಕೂತು ಉತ್ತರಪತ್ರಿಕೆ ತಿದ್ದುವ ಈ ಕೆಲಸ ತಪ್ಪಿಸಿಕೊಳ್ಳಲು ಟೀಚರುಗಳು ಇಲ್ಲದ ಸೊಂಟನೋವೆಲ್ಲ ತಂದುಕೊಳ್ಳುತ್ತಾರೆ. ನಮ್ಮವಳು ಮಾತ್ರ ಮದುವೆಗೆ ಹೊರಟಂತೆ ಹೊರಡುತ್ತಿದ್ದಳು. ಅಷ್ಟು ಊರಿನ ಟೀಚರುಗಳು ಸೇರುವ ಜಾಗ, ಒಂದು ಮುಖ ಸಿಕ್ಕರೂ ಸಿಗಬಹುದಲ್ಲ! ಒಂದೊಂದು ಟೇಬಲ್ಲಿನ ಹತ್ತಿರವೂ ಸುಳಿದಾಡಿ ಬರುತ್ತಿದ್ದಳಂತೆ. ಹತ್ತು ವರ್ಷವಾದರೂ ಮುಖ ಸಿಗಲಿಲ್ಲ. ಸಿಕ್ಕಿದ್ದು ಒಂದು ವಾಕ್ಯ.

ಆ ವರ್ಷ ಸ್ಪಂಜುಪ್ರಾಣಿಗಳ ಎರಡು ಲಕ್ಷಣ ಬರೆಯಿರಿ ಎಂಬ ಪ್ರಶ್ನೆ ಇತ್ತು. ಬೇರೆ ಜಿಲ್ಲೆಯಿಂದ ಬಂದ ಒಂದು ಕಟ್ಟಿನಲ್ಲಿ ಮೊದಲ ಹುಡುಗ ಎರಡು ಲಕ್ಷಣ ಬರೆದು, ಯಾರೂ ಕೇಳದ ಒಂದು ಸಾಲು ಸೇರಿಸಿದ್ದ: ‘ಸ್ಪಂಜು ಸಮುದ್ರ ಬಿಟ್ಟು ಬರುವುದಿಲ್ಲ. ಕೆರೆಯ ಹಸಿರು ಮುದ್ದೆ ಪಾಚಿ. ಮೋಸಹೋಗಬಾರದು.’ ಎರಡನೆಯ ಹುಡುಗಿಯದೂ ಅದೇ. ಮೂರನೆಯವನದೂ ಅದೇ. ಇಡೀ ಕಟ್ಟು ಅದೇ! ಪಕ್ಕದವರು ‘ಸಾಮೂಹಿಕ ಕಾಪಿ’ ಎಂದರು. ನಾದಿನಿ ಆ ಸಾಲನ್ನೇ ಮತ್ತೆ ಮತ್ತೆ ಓದಿದಳಂತೆ. ಆ ಮಾತು ಯಾರದೆಂದು ಆಕೆಗೆ ಗೊತ್ತು. ಅದನ್ನು ಅಷ್ಟು ಅಚ್ಚುಕಟ್ಟಾಗಿ ನೆನಪಿಟ್ಟುಕೊಂಡಿರಬಲ್ಲವರು ಯಾರೆಂದೂ ಗೊತ್ತು. ಎಲ್ಲರಿಗೂ ಪೂರ್ತಿ ಅಂಕ ಕೊಟ್ಟಳು. ಮೇಲಿನವರು ತಪ್ಪು ಉತ್ತರಕ್ಕೆ ಅಂಕವೇಕೆ ಎಂದು ಕೇಳಿದ್ದಕ್ಕೆ, “ತಪ್ಪು ನಂದು ಸಾರ್, ಮಕ್ಕಳದ್ದಲ್ಲ” ಎಂದಳಂತೆ! ಅವರು ಇವಳಿಗೆ ಬಿಸಿಲು ಹೊಡೆದಿದೆ ಎಂದು ಮಜ್ಜಿಗೆ ತರಿಸಿಕೊಟ್ಟರಂತೆ.

ಯಾವ ಶಾಲೆಯ ಕಟ್ಟು ಎಂದು ಹೇಳುವಂತಿಲ್ಲ, ಕೇಳುವಂತಿಲ್ಲ. ಆದರೆ ನಮ್ಮ ಮಕ್ಕಳು ಸುಮ್ಮನಿರುತ್ತಾರೆಯೇ? ಕೊನೆಯ ಪುಟದಲ್ಲಿ ಒಬ್ಬ ಬರೆದಿದ್ದ: ‘ದಯವಿಟ್ಟು ಪಾಸು ಮಾಡಿ. ನಮ್ಮೂರ ಗುಂಡುತೋಪಿನ ಮೂರುಕಣ್ಣಿನ ಚೌಡಮ್ಮನಾಣೆ, ಮುಂದೆ ಚೆನ್ನಾಗಿ ಓದುತ್ತೇನೆ.’ ಸಾಕಲ್ಲ! ಗುಂಡುತೋಪಿನ ಮೂರುಕಣ್ಣಿನ ಚೌಡಮ್ಮ ಎಲ್ಲಿದ್ದಾಳೆಂದು ನಾದಿನಿ ಕಂಡಕ್ಟರುಗಳನ್ನು ಕೇಳಿದಳು, ಬಳೆ ಮಾರುವವರನ್ನು ಕೇಳಿದಳು, ಹಾಸನದಲ್ಲಿ ಸಿಕ್ಕಸಿಕ್ಕವರನ್ನು ಕೇಳಿದಳು. ಮದುವೆಗೆ ವರ ಕೇಳಲು ಹರಕೆ ಹೊರುತ್ತಾಳೆಂದು ಅತ್ತೆ ಒಳಗೊಳಗೇ ಖುಷಿಪಟ್ಟರು. ಕೊನೆಗೆ ಒಬ್ಬ ಲಾರಿ ಡ್ರೈವರು ತುಮಕೂರಿನಾಚೆಯ ಒಂದು ಹಳ್ಳಿ ಹೇಳಿದ. ಅಲ್ಲಿನ ಹೈಸ್ಕೂಲಿಗೆ ‘ವಿಜ್ಞಾನದ ಮೇಡಂ ಅವರಿಗೆ’ ಎಂದು ಕಾಗದ ಹೋಯಿತು. ಸೋಲನ್ನು ಎದುರಿಗೇ ಒಪ್ಪಿಕೊಳ್ಳಬೇಕೆಂದು ಅದರಲ್ಲಿ ‘ಒಂದು ಸಲ ಬಾ’ ಎಂದಷ್ಟೇ ಬರೆದಿದ್ದಳು. ಈ ಸಲ ಅದು ವಾಪಸು ಬರಲಿಲ್ಲ. ಉತ್ತರ ಬಂತು. ಒಂದೇ ಸಾಲು: ‘ದಸರಾ ರಜೆಗೆ ಬರ್ತೀನಿ.’

ಒಂದು ವಾರ ನಾದಿನಿ ಅಡಿಗೆಮನೆಯಲ್ಲಿ ನನ್ನನ್ನೇ ಗೆಳತಿಯಾಗಿ ನಿಲ್ಲಿಸಿಕೊಂಡು ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡಿದಳು. ನಾನು ಪ್ರತಿ ಸಲವೂ ಕ್ಷಮಿಸಿದೆ. ಬಸ್ ಸ್ಟ್ಯಾಂಡಿಗೆ ಇಬ್ಬರೂ ಹೋದೆವು. ಬಸ್ಸಿನಿಂದ ನರೆ ಬೆರೆತ ಜಡೆಯ, ದಪ್ಪ ಕನ್ನಡಕದ ಕುಳ್ಳಿಯೊಬ್ಬಳು ಇಳಿದಳು. ಹದಿನೆಂಟು ವರ್ಷದ ಮೇಲೆ ಇಬ್ಬರೂ ಎದುರುಬದುರಾಗಿದ್ದಾರೆ. ನನಗೆ ಅಳು ಕಿತ್ತುಕೊಂಡು ಬರುತ್ತಿದೆ.

“ಬಸ್ಸು ಲೇಟಾ?” ಎಂದಳು ನಾದಿನಿ.

“ಹೂಂ. ಟೈರು ಪಂಚರ್ರು” ಎಂದಳು ಗೆಳತಿ.

ನನಗೆ ಇಬ್ಬರನ್ನೂ ಹಿಡಿದು ಬಾರಿಸಬೇಕೆನಿಸಿತು.

ಮನೆಗೂ ಹೋಗದೆ ನೇರ ಕೆರೆಗೆ ಕರೆದುಕೊಂಡು ಹೋದಳು. ಗೂಟದ ಮೇಲೆ ಸ್ಪಂಜು ದಷ್ಟಪುಷ್ಟವಾಗಿ ಹಸಿರಾಗಿ ಕೂತಿತ್ತು. ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿರಬೇಕು. “ನೀನೇ ಸರಿ ಕಣೇ. ಅದು ಸ್ಪಂಜೇ. ನಾನು ತಪ್ಪು” ಎಂದಷ್ಟೇ ಹೇಳಿ ನಿಂತಳು.

ಗೆಳತಿಯ ಮುಖ ಅರಳುತ್ತದೆಂದು ನಾನು ಕಾದೆ. ಅದು ಬಾಡಿತು.

“ಸ್ಪಂಜಾ? ನಿಜವಾಗ್ಲೂನಾ?” ಎನ್ನುತ್ತಾ ಅವಳು ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಳು. “ನಾನು ನಿನ್ನ ಮಾತೇ ನಂಬ್ಕೊಂಡಿದ್ದೆ ಕಣೇ. ನೀನು ಹೇಳಿದ್ಮೇಲೆ ಮುಗೀತು ಅಂದ್ಕೊಂಡೆ. ನನ್ ಹಾಗೆ ನನ್ ಮಕ್ಕಳು ನಗೆಪಾಟಲಾಗಬಾರದು ಅಂತ ಒಂದೊಂದು ಬ್ಯಾಚಿಗೂ ಬಾಯಿಪಾಠ ಮಾಡ್ಸಿದೀನಿ. ಹಂಗಾದ್ರೆ ಇಷ್ಟೂ ವರ್ಷ, ಅಷ್ಟೂ ಮಕ್ಕಳಿಗೆ ತಪ್ಪು ಹೇಳ್ಕೊಟ್ನಾ?”

ನಾದಿನಿ ತತ್ತರಿಸಿದಳು. ಹದಿನೆಂಟು ವರ್ಷ ಜೋಪಾನ ಮಾಡಿದ ಕ್ಷಮಾಪಣೆ ಹೀಗೆ ಇನ್ನೊಬ್ಬರ ಎದೆಗೇ ನಾಟುತ್ತದೆಂದು ಯಾರು ಎಣಿಸಿದ್ದರು? ಆಮೇಲೆ ನೀರಿಗಿಳಿದು, ಗೂಟದಿಂದ ಒಂದು ಹಸಿರು ತುಂಡು ಬಿಡಿಸಿಕೊಂಡು, ಕಲ್ಲಿನ ಅಡಿ ಕೈಹಾಕಿ, ನೆರಳಿನಲ್ಲಿ ಬೆಳೆದ ಇನ್ನೊಂದು ತುಂಡು ತೆಗೆದಳು. ಅದು ಹಸಿರಾಗಿರಲಿಲ್ಲ. ಬೆಳ್ಳಗಿತ್ತು.

“ಇದೂ ಅದೇ ಸ್ಪಂಜು, ನೋಡು. ಬಿಸಿಲು ಬೀಳದ ಕಡೆ ಬೆಳ್ಳಗಿರ್ತೈತೆ. ಬಿಸಿಲು ಬಿದ್ದ ಕಡೆ ಹಸಿರು ಯಾಕೆ ಹೇಳು? ಅದರ ಮೈಯೊಳಗೆ ಪಾಚಿ ವಾಸ ಮಾಡ್ತೈತೆ. ಬಿಸಿಲಲ್ಲಿ ಪಾಚಿ ಅಡಿಗೆ ಮಾಡ್ತೈತೆ, ಇದಕ್ಕೂ ಉಣ್ಣಾಕೆ ಕೊಡ್ತೈತೆ. ನಾವು ನೋಡೋ ಹಸಿರೆಲ್ಲ ಪಾಚೀದೇ. ನಿನ್ ಮಕ್ಕಳು ಬರೆದಿದ್ದು ಪೂರಾ ತಪ್ಪಲ್ಲ ಕಣೇ. ಅರ್ಧ ಸರಿ.”

ಗೆಳತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡು, ಎರಡೂ ತುಂಡುಗಳನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ನಾದಿನಿಯ ಹೆಗಲಿಗೆ ತಲೆಯೊರಗಿಸಿದಳು. ಮೂರು ದಿನ ಇದ್ದಳು. ಆ ಮೂರು ದಿನ ನಮ್ಮ ಮನೆಯಲ್ಲಿ ಕೇಳಿದಷ್ಟು ನಗು ಅದರ ಹಿಂದೆಯೂ ಕೇಳಿಲ್ಲ, ಮುಂದೆಯೂ ಕೇಳಿಲ್ಲ.

ಬಸ್ಸು ಹತ್ತಿಸಿ ನಿಂತಿದ್ದಾಗ ನಾನು ತಡೆಯಲಾರದೆ ಕೇಳಿದೆ. ಇಷ್ಟು ವರ್ಷ ಸ್ಪಂಜಿನ ಪುರಾಣ ಕೇಳಿಸಿ ಕೇಳಿಸಿ ನನ್ನ ಕಿವಿ ತೂತು ಮಾಡಿದ್ದಾಳೆ. ಒಳಗೆ ಪಾಚಿಯಿದೆ ಎಂಬ ಈ ಒಂದು ಮಾತು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ನಿಂಗೆ ಮೊದಲಿಂದಲೂ ಗೊತ್ತಿತ್ತೇನೆ?”

“ಹೂಂ.”

“ಮತ್ತೆ ಯಾಕೆ ಒಂದು ದಿನಾನೂ ಬಾಯಿ ಬಿಡ್ಲಿಲ್ಲ ಮಾರಾಯ್ತಿ?”

ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಆಕೆ ಆ ಕಡೆಯೇ ನೋಡುತ್ತಿದ್ದಳು.

“ಹೇಳಿದ್ರೆ ನಾನು ಅರ್ಧ ಗೆದ್ದಂಗೆ ಆಯ್ತಿತ್ತು ಅತ್ತಿಗೆ. ಅವಳ ಮುಂದೆ ನಂಗೆ ಪೂರ್ತಿ ಸೋಲ್ಬೇಕಾಗಿತ್ತು.”